ಕಾರಿನೊಳಗಿನ ನೀರಿನ ಜಾಡು



ಇವತ್ತಿನ ಮಾತು ಹಳೆಯ ಕಾರುಗಳಿಗೆ ಬರುವ ಒಂದು ಕಾಯಿಲೆಯ ಬಗ್ಗೆ. ಮುಂದಿನ ಸೀಟಿನಲ್ಲಿ ಕೂತವರ ಕಾಲಡಿಯ ಕಾರ್ಪೆಟ್ಟು ಮೊದಲು ತೇವವಾಗುತ್ತದೆ, ಕೆಲವು ದಿನ ಕಳೆದರೆ ಹಿಂಡಿದಾಗ ನೀರು ಬರುವಷ್ಟು ಒದ್ದೆಯಾಗುತ್ತದೆ. ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಕಿಟಕಿ ಇಳಿಸಿದರೂ ಹೋಗದ ಒಂದು ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿರುತ್ತದೆ, ಆದರೆ ಕಾರು ನಿಂತ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಎಂಜಿನ್ನನ್ನು ತಂಪಾಗಿಡುವ ನೀರು, ಅಂದರೆ ಕೂಲಂಟ್, ಹೊರಗೆ ಸೋರುವ ಬದಲು ಒಳಗೆ ಸೋರುತ್ತಿದೆಯೇ? ಸೋರುತ್ತಿದ್ದರೆ ಎಲ್ಲಿಂದ? ಇದನ್ನು ಪತ್ತೆ ಮಾಡುವ ಕ್ರಮ ಹೇಗೆ ಎಂಬುದನ್ನು ಹೇಳಬೇಕೆಂದಿದ್ದೇನೆ. ಯಾಕೆಂದರೆ ಈ ಕಾಯಿಲೆಯಲ್ಲಿ ರಿಪೇರಿಗಿಂತ ಪತ್ತೆಯ ಕೆಲಸವೇ ದೊಡ್ಡದು. ಪತ್ತೆ ಸರಿಯಾಗದೆ ಬಿಚ್ಚಿದ ಡ್ಯಾಶ್‌ಬೋರ್ಡು, ಬದಲಾಯಿಸಿದ ಭಾಗಗಳು, ಖರ್ಚಾದ ಹಣ ಎಲ್ಲವೂ ವ್ಯರ್ಥ.

ಈ ಮಾತನ್ನು ಮುಂಬಯಿಯ ಧಾರಾವಿಯಿಂದ ಶುರುಮಾಡುತ್ತೇನೆ. ಈ ವಿಷಯಕ್ಕೂ ಧಾರಾವಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಕಡೆ ಸಯನ್, ಇನ್ನೊಂದು ಕಡೆ ಮಾಹಿಮ್, ಬಡಗಣಕ್ಕೆ ಮೀಠಿ ನದಿ. ಇವುಗಳ ನಡುವೆ ಧಾರಾವಿ. ಚರ್ಮದ ಕೆಲಸ, ಕುಂಭಾರವಾಡದ ಮಡಕೆಗಳು, 13ನೇ ಕಾಂಪೌಂಡಿನ ಪ್ಲಾಸ್ಟಿಕ್, ಹಳೆಯ ಅಲ್ಯೂಮಿನಿಯಂ ಕರಗಿಸಿ ಗಟ್ಟಿ ಎರೆಯುವ ಕುಲುಮೆಗಳು, ಇವುಗಳಿಂದ ಧಾರಾವಿಯ ಹೆಸರು ಹೊರಗೆ ಹೋಗಿದೆ. ಇವುಗಳಷ್ಟು ಹೆಸರು ಮಾಡದ ಇನ್ನೊಂದು ಕಸುಬು ಇಲ್ಲಿದೆ: ರಸ್ತೆಯಂಚಿನಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳ ಕೆಲಸ. ಮೀಠಿಯ ಆಚೆ, ಕೆಲವೇ ಕಿಲೋಮೀಟರು ದೂರದಲ್ಲಿ ಕುರ್ಲಾ. ಹಳೆಯ ಗಾಡಿಗಳ ಬಿಡಿಭಾಗಗಳ ಸಂತೆ ಅಲ್ಲಿದೆ. ಮುಂಬಯಿಯ ಬದುಕಿನಲ್ಲಿ ಅತಿ ಹೆಚ್ಚು ಬಾಳಿದ ಕಾರು ತಯಾರಾದ ಕಾರ್ಖಾನೆಯೂ ಅಲ್ಲೇ ಇತ್ತು.

ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದಲ್ಲಿ ಮೊದಲು ಅಮೆರಿಕದ ಗಾಡಿಗಳನ್ನು ಜೋಡಿಸಿತು. 1950ರ ದಶಕದ ಮೊದಲಲ್ಲಿ ಇಟಲಿಯ ಫಿಯೆಟ್ ಕಂಪನಿಯ ಜೊತೆ ಕೈ ಜೋಡಿಸಿತು. ಫಿಯೆಟ್ 1953ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಹೊರತಂದ 1100 ಮಾದರಿ ಮರುವರ್ಷವೇ ಇಲ್ಲಿಗೆ ಬಂತು. 1964ರಲ್ಲಿ ಅದು ಡಿಲೈಟ್ ಆಯಿತು, 1970ರ ದಶಕದ ಮೊದಲಲ್ಲಿ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. ಕಪ್ಪು-ಹಳದಿ ಬಣ್ಣ ಬಳಿದುಕೊಂಡು ಅದೇ ಕಾರು ಮುಂಬಯಿಯ ಟ್ಯಾಕ್ಸಿಯಾಯಿತು. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾರದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಗಳಿಗೆ 20 ವರ್ಷಗಳ ಮಿತಿ ಇರುವುದರಿಂದ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಪದ್ಮಿನಿ ಟ್ಯಾಕ್ಸಿಗಳ ಕಾಲವೂ ಮುಗಿಯಿತು.

ಟ್ಯಾಕ್ಸಿಗಳು ಹೋದವು, ಆದರೆ ಮನೆಗಳ ಕಾರುಗಳು ಇವೆ. ಹೆಸರು ಬರೆಸಿ ವರ್ಷಗಟ್ಟಲೆ ಕಾದರೆ ಮಾತ್ರ ಕಾರು ಸಿಗುತ್ತಿದ್ದ ಕಾಲದಲ್ಲಿ ಅಪ್ಪನೋ ಅಜ್ಜನೋ ಕೊಂಡ ಫಿಯೆಟ್ಟನ್ನು ಮಾಟುಂಗ, ಸಯನ್, ಮಾಹಿಮ್‌ಗಳಲ್ಲಿ ಮಾರಲು ಮನಸ್ಸಾಗದೆ ಉಳಿಸಿಕೊಂಡವರಿದ್ದಾರೆ. ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯನ್ನು ತಂದಿತು. ಚಾಸಿ, ಬಾಡಿ, ಎಂಜಿನ್ನುಗಳನ್ನು ಮೂಲದಿಂದ ಹೆಚ್ಚು ಬದಲಾಯಿಸಿರಬಾರದು ಎಂಬುದು ಅದರ ಮುಖ್ಯ ಷರತ್ತು. ಹಾಗಾಗಿ ಹಳೆಯ ಕಾರನ್ನು ಅದು ಇದ್ದ ಹಾಗೆಯೇ ಕಾಪಾಡುವುದಕ್ಕೆ ಈಗ ಕಾನೂನಿನ ಬೆಲೆಯೂ ಬಂದಿದೆ. ಅಂಥ ಕಾರಿನ ನೆಲದ ತಗಡಿಗೆ ಒಳಗಿನ ತೇವಕ್ಕಿಂತ ದೊಡ್ಡ ಶತ್ರುವಿಲ್ಲ. ಕಾರ್ಪೆಟ್ಟಿನ ಅಡಿಯ ಫೆಲ್ಟು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಆರದು. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತುಕ್ಕು ತಿನ್ನುತ್ತಲೇ ಇರುತ್ತದೆ. ಕಡಲ ಗಾಳಿಯ ಈ ಊರಿನಲ್ಲಂತೂ ಅದು ಬೇಗ ತಿನ್ನುತ್ತದೆ.

ಎಂಜಿನ್ನಿನ ನೀರು ಕಾರಿನೊಳಗೆ ಯಾಕೆ ಬರಬೇಕು? ಉತ್ತರ ಹೀಟರಿನಲ್ಲಿದೆ. ಎಂಜಿನ್ನಿನ ಮೈಯೊಳಗಿನ ದಾರಿಗಳಲ್ಲಿ ನೀರು ಹರಿದು ಬಿಸಿಯಾಗುತ್ತದೆ, ಮುಂದಿನ ರೇಡಿಯೇಟರಿಗೆ ಹೋಗಿ ತಣಿಯುತ್ತದೆ, ನಮ್ಮ ಮೆಕ್ಯಾನಿಕ್ಕುಗಳು ವಾಟರ್ ಬಾಡಿ ಎನ್ನುವ ಪಂಪು ಅದನ್ನು ಮತ್ತೆ ಒಳಗೆ ತಳ್ಳುತ್ತದೆ. ಚಳಿಯ ದೇಶಗಳಲ್ಲಿ ರೂಪುಗೊಂಡ ಕಾರುಗಳಲ್ಲಿ ಈ ಬಿಸಿನೀರಿನ ಒಂದು ಕವಲು ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವಿನ ತಗಡಿನ ಗೋಡೆಯನ್ನು ದಾಟಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬರುತ್ತದೆ. ಅಲ್ಲಿ ಒಂದು ಪುಟ್ಟ ರೇಡಿಯೇಟರು ಇರುತ್ತದೆ. ಅದನ್ನು ಹೀಟರ್ ಕೋರ್ ಎನ್ನುತ್ತಾರೆ. ಅದರ ಸಣ್ಣ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ, ಫ್ಯಾನು ಅದರ ಮೇಲೆ ಗಾಳಿ ಬೀಸುತ್ತದೆ, ಕಾರಿನೊಳಗೆ ಬೆಚ್ಚಗಾಗುತ್ತದೆ. ಆ ಕೋರು, ಅದಕ್ಕೆ ನೀರು ಬಿಡುವ ನಲ್ಲಿ, ಎರಡು ರಬ್ಬರ್ ಹೋಸುಗಳು, ಅವುಗಳ ಕ್ಲಿಪ್ಪುಗಳು, ಇವುಗಳಲ್ಲಿ ಯಾವುದು ಸೋತರೂ ಎಂಜಿನ್ನಿನ ನೀರು ನಿಮ್ಮ ಪಾದದ ಮೇಲೆ.

ಮುಂಬಯಿಯಲ್ಲಿ ಹೀಟರನ್ನು ಯಾರೂ ಹಚ್ಚುವುದಿಲ್ಲ. ಅದೇ ಅದರ ಕೇಡಿಗೆ ಕಾರಣ. ವರ್ಷಗಟ್ಟಲೆ ಮುಚ್ಚಿದ ನಲ್ಲಿಯ ಹಿಂದೆ ನೀರು ನಿಂತಲ್ಲೇ ನಿಲ್ಲುತ್ತದೆ. ತುಕ್ಕು ತಡೆಯಲು ಕೂಲಂಟಿಗೆ ಬೆರೆಸಿದ ರಾಸಾಯನಿಕ ಸತ್ತುಹೋಗುತ್ತದೆ, ಕೆಸರು ಕೂಡುತ್ತದೆ, ತಾಮ್ರ-ಹಿತ್ತಾಳೆಯ ಕೋರಿನ ಬೆಸುಗೆಗಳನ್ನು ಅದು ಒಳಗಿನಿಂದ ಕೊರೆಯುತ್ತದೆ. ಇನ್ನೊಂದು ಮಾತು. ಬಹಳಷ್ಟು ಹಳೆಯ ಕಾರುಗಳಲ್ಲಿ ನಲ್ಲಿ ಇರುವುದು ನೀರು ಒಳಬರುವ ಹೋಸಿಗೆ ಮಾತ್ರ. ಹೊರಹೋಗುವ ಹೋಸು ಸದಾ ತೆರೆದಿರುತ್ತದೆ. ಆದ್ದರಿಂದ ಹೀಟರ್ ಬಂದ್ ಮಾಡಿದ್ದೇನೆ, ಅದು ಹೇಗೆ ಸೋರೀತು ಎಂಬ ವಾದ ನಿಲ್ಲುವುದಿಲ್ಲ. ಹಿಂದಿನ ದಾರಿಯಿಂದ ಎಂಜಿನ್ನಿನ ಒತ್ತಡ ಕೋರಿನ ಮೇಲೆ ಬೀಳುತ್ತಲೇ ಇರುತ್ತದೆ.

ಹಾಗಾದರೆ ಪತ್ತೆಯ ಮೊದಲ ಹೆಜ್ಜೆ ಕಾರ್ಪೆಟ್ಟಿನ ಹತ್ತಿರ ಇಲ್ಲ, ಬಾನೆಟ್ಟಿನ ಅಡಿಯಲ್ಲಿದೆ. ಎಂಜಿನ್ನಿನಿಂದ ಹೊರಟ ಎರಡು ರಬ್ಬರ್ ಹೋಸುಗಳು ತಗಡಿನ ಗೋಡೆಯನ್ನು ದಾಟಿ ಒಳಗೆ ಹೋಗಿವೆಯೇ ನೋಡಿ. ಹೋಗಿದ್ದರೆ ನಿಮ್ಮ ಕಾರಿನಲ್ಲಿ ಹೀಟರ್ ಇದೆ, ಅನುಮಾನಕ್ಕೆ ಜಾಗವಿದೆ. ಹೋಗಿಲ್ಲದಿದ್ದರೆ, ಅಥವಾ ಹಿಂದೆ ಯಾರೋ ಎರಡು ತುದಿಗಳನ್ನೂ ಒಂದು ತುಂಡು ಹೋಸಿನಿಂದ ಎಂಜಿನ್ನಿನ ಕಡೆಯಲ್ಲೇ ಕೂಡಿಸಿಬಿಟ್ಟಿದ್ದರೆ, ಒಳಗಿನ ನೀರು ಕೂಲಂಟ್ ಆಗಿರಲಾರದು. ಗಾಳಿಯಿಂದಲೇ ತಂಪಾಗುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲಿನಲ್ಲಂತೂ ಕೂಲಂಟೇ ಇಲ್ಲ. ಇಷ್ಟು ನೋಡದೆ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಟವರನ್ನು ದಯವಿಟ್ಟು ತಡೆಯಿರಿ.

ಎರಡನೆಯ ಹೆಜ್ಜೆ, ಒಳಗೆ ನಿಂತ ನೀರು ಯಾವ ನೀರು ಎಂದು ತಿಳಿಯುವುದು. ಮುಂಬಯಿಯಲ್ಲಿ ಹಳೆಯ ಕಾರಿನೊಳಗೆ ಬರುವ ನೀರಿನಲ್ಲಿ ಮೊದಲನೆಯದು ಮಳೆನೀರು. ಜೂನಿನಿಂದ ಸೆಪ್ಟೆಂಬರಿನವರೆಗೆ ಒದ್ದೆ ಕಾರ್ಪೆಟ್ಟಿಗೆ ಎಲ್ಲರೂ ಮಳೆಯನ್ನೇ ದೂರುತ್ತಾರೆ, ಹಲವು ಸಲ ಅದು ಸರಿಯೂ ಹೌದು. ಗಾಜಿನ ಸುತ್ತಲಿನ ರಬ್ಬರು ಬಿರುಕು ಬಿಟ್ಟಿರುತ್ತದೆ, ಗಾಜಿನ ಬುಡದ ಗಾಳಿಕಿಂಡಿಯ ಮೋರಿಯಲ್ಲಿ ಎಲೆ ಕೊಳೆತು ಕಟ್ಟಿಕೊಂಡಿರುತ್ತದೆ. ಕೆಳಗಿನಿಂದಲೂ ನೀರು ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ಉಕ್ಕಿ, ಸುತ್ತಲಿನ ತಗ್ಗು ಪ್ರದೇಶಗಳಲ್ಲಿ ಕಾರುಗಳು ಮುಳುಗಿದ್ದನ್ನು ಈ ಊರು ಮರೆತಿಲ್ಲ. ನೆಲದ ತಗಡಿನ ರಬ್ಬರ್ ಬಿರಡೆಗಳು ಸಡಿಲಾದ ಕಾರಿಗೆ ಅಷ್ಟು ದೊಡ್ಡ ಮಳೆ ಬೇಡ, ರಸ್ತೆಯಲ್ಲಿ ಮೊಣಕಾಲಿನಷ್ಟು ನೀರು ನಿಂತರೂ ಸಾಕು. ಮಳೆನೀರಿನ ಗುರುತು ಇದು: ಎಂಜಿನ್ ಚಾಲೂ ಮಾಡದೆ ನಿಲ್ಲಿಸಿದ ಕಾರಿನಲ್ಲೂ ಅದು ಕೂಡುತ್ತದೆ, ಮಣ್ಣಿನ ವಾಸನೆ ಬರುತ್ತದೆ, ಬಿಸಿಲು ಬಿದ್ದರೆ ಮೇಲಾದರೂ ಆರುತ್ತದೆ.

ಎರಡನೆಯದು ಎ.ಸಿ.ಯ ನೀರು. ಹಳೆಯ ಕಾರುಗಳಿಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹೊರಗಿನಿಂದ ತಂದ ಎ.ಸಿ. ಕೂಡಿಸಿರುವುದು ಸಾಮಾನ್ಯ. ಸೆಕೆಯ ಗಾಳಿಯ ತೇವ ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ ಒಂದು ಸಣ್ಣ ನಳಿಕೆಯ ಮೂಲಕ ಹೊರಗೆ ಹೋಗಬೇಕು. ನಳಿಕೆಯಲ್ಲಿ ಧೂಳು ಕಟ್ಟಿದರೆ ಒಳಗೆ ಸುರಿಯುತ್ತದೆ. ಇದು ಬಣ್ಣವಿಲ್ಲದ ನೀರು, ಬೆರಳಿಗೆ ಅಂಟುವುದಿಲ್ಲ, ಎ.ಸಿ. ಹಾಕಿದಾಗ ಮಾತ್ರ ಬರುತ್ತದೆ. ಆದರೆ ಜಾಗ ಒಂದೇ ಆದ್ದರಿಂದ ಹೀಟರ್ ಕೋರಿನ ಸೋರಿಕೆ ಎಂದು ಮೋಸಹೋಗುವುದು ಸುಲಭ. ಮೂರನೆಯದು ಬ್ರೇಕು ಅಥವಾ ಕ್ಲಚ್ಚಿನ ಎಣ್ಣೆ. ಇದು ಪ್ರಮಾಣದಲ್ಲಿ ಕಡಿಮೆ, ಪೆಡಲಿನ ಕಡ್ಡಿಗುಂಟ ಇಳಿದು ಚಾಲಕನ ಕಾಲಡಿಯಲ್ಲೇ ಕಾಣುತ್ತದೆ, ಜಾರುತ್ತದೆ, ಬಿದ್ದಲ್ಲಿ ಬಣ್ಣ ಎಬ್ಬಿಸುತ್ತದೆ. ಇದು ಕಂಡರೆ ಕೂಲಂಟಿನ ಯೋಚನೆ ಬಿಟ್ಟು ಅಲ್ಲೇ ಕಾರು ನಿಲ್ಲಿಸಿ. ಬ್ರೇಕಿನ ಮಾತು ಅದು, ಪ್ರಾಣದ ಮಾತು.

ನಾಲ್ಕನೆಯದೇ ಕೂಲಂಟ್. ಅದರಲ್ಲಿ ನೀರಿನ ಜೊತೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಬೆರೆತಿರುತ್ತದೆ, ಗುರುತಿಗೆಂದು ಹಸಿರೋ ನೀಲಿಯೋ ಗುಲಾಬಿಯೋ ಬಣ್ಣ ಹಾಕಿರುತ್ತಾರೆ. ಗ್ಲೈಕಾಲಿನ ಕುದಿಯುವ ಬಿಂದು ಸುಮಾರು 197 ಡಿಗ್ರಿ. ಹಾಗಾಗಿ ಅದು ನೀರಿನಂತೆ ಬೇಗ ಆರುವುದಿಲ್ಲ. ಈ ಒಂದು ಗುಣದಿಂದಲೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಕಾರ್ಪೆಟ್ಟನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿ ಬಣ್ಣ ನೋಡಿ. ಅದರ ಒಂದು ಹನಿಯನ್ನು ಗಾಜಿನ ತುಂಡಿನ ಮೇಲೆ ಬಿಟ್ಟು, ಪಕ್ಕದಲ್ಲಿ ನಲ್ಲಿನೀರಿನ ಒಂದು ಹನಿ ಬಿಟ್ಟು ಬಿಸಿಲಿಗಿಡಿ. ಸಂಜೆಗೆ ನಲ್ಲಿನೀರು ಆರಿ ಕಲೆ ಉಳಿದಿರುತ್ತದೆ, ಕೂಲಂಟ್ ಆಗಿದ್ದರೆ ಅಂಟಂಟು ಪಸೆ ಉಳಿದಿರುತ್ತದೆ. ಮುಂದಿನ ಗಾಜಿನ ಒಳಮೈಯನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಬರಿಯ ಹಬೆ ಒರೆಸಿದರೆ ಹೋಗುತ್ತದೆ. ಗ್ಲೈಕಾಲಿನ ಹಬೆ ಎಣ್ಣೆ ಸವರಿದಂತೆ ಹರಡಿ ಎದುರಿನ ದೀಪಗಳನ್ನು ಮಸುಕು ಮಾಡುತ್ತದೆ. ಬೆರಳಿನಿಂದ ಮುಟ್ಟಿ ನೋಡಿ, ಮೂಸಿ ನೋಡಿ. ನಾಲಿಗೆಗೆ ಮಾತ್ರ ಎಂದೂ ತಾಗಿಸಬೇಡಿ. ಅದು ವಿಷ. ಆ ಮಾತಿಗೆ ಮುಂದೆ ಬರುತ್ತೇನೆ.

ಬರಿಯ ನೀರು ತುಂಬಿ ಓಡಿಸುವ ಕಾರುಗಳಲ್ಲಿ ಈ ಬಣ್ಣ, ಅಂಟು, ವಾಸನೆ ಯಾವುದೂ ಇರುವುದಿಲ್ಲ. ಅಲ್ಲಿ ಮಟ್ಟವೇ ಸಾಕ್ಷಿ. ಎಂಜಿನ್ ಪೂರಾ ತಣ್ಣಗಿದ್ದಾಗ ಬೆಳಗ್ಗೆ ರೇಡಿಯೇಟರಿನ ಮಟ್ಟ ಗುರುತಿಸಿ. ಒಳಗೆ ಒಣಗಿದ ನೆಲದ ಮೇಲೆ ಪತ್ರಿಕೆಯ ಹಾಳೆಗಳನ್ನು ಹಾಸಿ. ಎ.ಸಿ. ಹಾಕದೆ, ಮಳೆಯಿಲ್ಲದ ದಿನ ಕಾರು ಓಡಿಸಿ. ಮರುದಿನ ಮಟ್ಟವೂ ಇಳಿದು ಹಾಳೆಯೂ ನೆನೆದಿದ್ದರೆ ನಂಟು ಸಾಬೀತಾಯಿತು. ಮಟ್ಟ ಇಳಿದರೂ ಹಾಳೆ ಒಣಗಿಯೇ ಇದ್ದರೆ ನೀರು ಬೇರೆ ಕಡೆ ಹೋಗುತ್ತಿದೆ. ಹೊರಗಿನ ಹೋಸು, ವಾಟರ್ ಬಾಡಿ, ಹೆಡ್ಡಿನ ಗ್ಯಾಸ್ಕೆಟ್ಟು ನೋಡಬೇಕು. ಹೊಗೆಕೊಳವೆಯಿಂದ ಬಿಳಿಯ ಹಬೆ ಎಡೆಬಿಡದೆ ಬರುತ್ತಿದ್ದರೆ ಗ್ಯಾಸ್ಕೆಟ್ಟಿನ ಮೇಲೆಯೇ ಅನುಮಾನ.

ಇಲ್ಲಿಂದ ಮುಂದಿನದು ಕಸುಬುದಾರರ ಕೆಲಸ. ಧಾರಾವಿಯಲ್ಲಿ ತಮಿಳರು, ಗುಜರಾತಿಗಳು, ಉತ್ತರ ಪ್ರದೇಶದವರು ಇರುವಂತೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯ ಕನ್ನಡದ ಕುಟುಂಬಗಳೂ ತಲೆಮಾರುಗಳಿಂದ ಇವೆ. ಆ ಕಡೆಯ ಒಬ್ಬ ಮೇಸ್ತ್ರಿ ಇಂಥದೇ ಒಂದು ಫಿಯೆಟ್ಟಿನ ಮುಂದೆ ನಿಂತು ಅದರ ಯಜಮಾನರಿಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಯಜಮಾನರು, ‘ಮೇಸ್ತ್ರಿ, ನೀರು ಎಡಗಡೆ ಸೀಟಿನ ಕೆಳಗೆ ನಿಂತಿದೆ, ಅಲ್ಲೇ ಬಿಚ್ಚಿ ನೋಡಿ’ ಎಂದರು. ಮೇಸ್ತ್ರಿ, ‘ಸಾಹೇಬ್ರ, ನೀರು ಎಲ್ಲಿ ನಿಂತದ ಅದು ಬಿಡ್ರಿ. ಎಲ್ಲಿಂದ ಬರ್ಲಿಕತ್ತದ ಅದು ಮೊದ್ಲು ನೋಡಮು’ ಎಂದರು. ಆಮೇಲೆ ಕಾರ್ಪೆಟ್ಟು ಎತ್ತಿ, ನೆಲದ ತಗಡನ್ನು ಒರೆಸಿ ಒಣಗಿಸಿ, ಅಂಗೈಯನ್ನು ತಗಡಿನ ಮೇಲೆ ನಿಧಾನವಾಗಿ ಎಳೆಯುತ್ತ ಮೇಲಕ್ಕೆ ಹೋದರು. ಕಾರು ನಿಂತ ರಸ್ತೆಯ ಇಳಿಜಾರು ಎಡಕ್ಕಿತ್ತು, ನೀರು ಎಡಕ್ಕೆ ಹರಿದು ನಿಂತಿತ್ತು. ಅದು ಹೊರಟದ್ದು ನಡುವಿನಿಂದ, ಹೀಟರ್ ಪೆಟ್ಟಿಗೆಯ ಅಡಿಯಿಂದ. ಕುಂಭಾರವಾಡದಲ್ಲಿ ಕುಂಬಾರರು ಸುಟ್ಟ ಮಡಕೆಯನ್ನು ಬೆರಳಿನಿಂದ ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಅದರ ದನಿಯಲ್ಲೇ ಹಿಡಿಯುವ ಹಾಗೆ, ಆ ಅಂಗೈ ತೇವದ ಮೊದಲ ಗೆರೆಯನ್ನು ಹಿಡಿಯಿತು.

ಕೈಯಿಂದ ತಿಳಿದದ್ದನ್ನು ಉಪಕರಣದಿಂದ ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಒತ್ತಡದ ಪರೀಕ್ಷೆ ಇದೆ. ರೇಡಿಯೇಟರಿನ ಮುಚ್ಚಳ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಹಾಗೆ ಹಿಡಿದರೆ ನೀರು ಬೇಗ ಕುದಿಯದು. ಅರ್ಧ ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಆ ಜಾಗಕ್ಕೆ ಗೇಜ್ ಇರುವ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಬರುವವರೆಗೆ ಪಂಪು ಮಾಡಬೇಕು. ಅದಕ್ಕಿಂತ ಹೆಚ್ಚಿಸಿದರೆ ಹಳೆಯ ಬೆಸುಗೆಗಳನ್ನು ನಾವೇ ಒಡೆದಂತೆ. ಕಾಲು ಗಂಟೆ ಮುಳ್ಳು ಅಲ್ಲಾಡದೆ ನಿಂತರೆ ಸರಿ. ಇಳಿದರೆ ಸೋರಿಕೆ ಇದೆ ಎಂದರ್ಥ. ಆಗ ಎಂಜಿನ್ ಬಂದ್ ಇರುವುದರಿಂದ ಸದ್ದಿಲ್ಲ, ಬಿಸಿಯಿಲ್ಲ. ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚು ಹಿಡಿದು ಮಲಗಿ ಹನಿ ಎಲ್ಲಿ ಹುಟ್ಟುತ್ತದೆ ಎಂದು ನೋಡಬಹುದು. ಅದೇ ಪಂಪಿನಿಂದ ಮುಚ್ಚಳವನ್ನೂ ಪರೀಕ್ಷಿಸಬೇಕು, ಕೆಟ್ಟ ಮುಚ್ಚಳವೂ ನೀರು ಕಳೆಯುತ್ತದೆ.

ಕೆಲವು ಸೋರಿಕೆಗಳು ತಣ್ಣಗಿದ್ದಾಗ ಬಾಯಿ ಬಿಡುವುದಿಲ್ಲ. ಲೋಹ ಬಿಸಿಯಾಗಿ ಹಿಗ್ಗಿದಾಗ ಮಾತ್ರ ಬಿರುಕು ತೆರೆಯುತ್ತದೆ. ಅಂಥ ಕಡೆ ಕೂಲಂಟಿಗೆ ಹೊಳೆಯುವ ಬಣ್ಣ ಬೆರೆಸಿ, ಕಾರು ಓಡಿಸಿ, ಆಮೇಲೆ ಅತಿನೇರಳೆ ಬೆಳಕಿನ ಟಾರ್ಚಿನಿಂದ ನೋಡುತ್ತಾರೆ. ನೀರು ಬಂದ ದಾರಿ ಹಸಿರಾಗಿ ಹೊಳೆಯುತ್ತದೆ. ಇನ್ನೊಂದು ಪರೀಕ್ಷೆಗೆ ಉಪಕರಣವೇ ಬೇಡ. ಗೋಡೆ ದಾಟುವ ಎರಡೂ ಹೋಸುಗಳನ್ನು ತಣ್ಣಗಿದ್ದಾಗ ಬಿಚ್ಚಿ, ಎಂಜಿನ್ನಿನ ಕಡೆಯ ಎರಡು ಬಾಯಿಗಳನ್ನು ಒಂದು ಗಟ್ಟಿ ಹೋಸಿನಿಂದ ಕೂಡಿಸಿಬಿಡಿ. ಈಗ ಹೀಟರಿಗೆ ನೀರೇ ಇಲ್ಲ. ಕೆಲವು ದಿನ ಓಡಿಸಿದ ಮೇಲೆ ಮಟ್ಟ ನಿಂತು, ಒಳಗೆ ಒಣಗಿದ್ದರೆ ತಪ್ಪಿತಸ್ಥ ಹೀಟರಿನ ಬಳಗದಲ್ಲೇ ಇದೆ. ಮುಂಬಯಿಯಲ್ಲಿ ಎಷ್ಟೋ ಜನ ಇಲ್ಲಿಗೇ ನಿಲ್ಲುತ್ತಾರೆ, ಹೀಟರ್ ಬೇಡವೇ ಬೇಡ ಎನ್ನುತ್ತಾರೆ. ಕಾರು ಓಡಿಸಲಿಕ್ಕೆ ಅದು ಸಾಕು. ಕಾರನ್ನು ಮೂಲರೂಪದಲ್ಲಿ ಮುಂದಿನವರಿಗೆ ಕೊಡಬೇಕು ಎಂಬವರಿಗೆ ಸಾಲದು.

ಹೀಟರಿನ ಬಳಗ ಎಂದೆ. ಕೋರು ಬಿಚ್ಚುವ ಮೊದಲು ಬಳಗದ ಉಳಿದವರನ್ನು ವಿಚಾರಿಸಬೇಕು. ಮೊದಲು ಕ್ಲಿಪ್ಪುಗಳು: ಒಂದು ಸುತ್ತು ಬಿಗಿ ಮಾಡಿದರೆ ಎಷ್ಟೋ ಸೋರಿಕೆ ನಿಲ್ಲುತ್ತದೆ. ಆಮೇಲೆ ಹೋಸಿನ ತುದಿಗಳು: ರಬ್ಬರು ಹಿಡಿದರೆ ಮೆತ್ತಗೆ ಊದಿಕೊಂಡಿದ್ದರೂ ಕೆಟ್ಟದು, ಗಟ್ಟಿಯಾಗಿ ಸಿಡಿದಿದ್ದರೂ ಕೆಟ್ಟದು. ಆಮೇಲೆ ನಲ್ಲಿ: ಕೆಲವು ಕಾರುಗಳಲ್ಲಿ ಅದು ಒಳಗೇ ಇರುತ್ತದೆ, ಅದರ ದಂಡದ ಸುತ್ತಲಿನ ಸಣ್ಣ ರಬ್ಬರ್ ಉಂಗುರ ಸವೆದರೆ ಹನಿ ಹನಿಯಾಗಿ ಇಳಿಯುತ್ತದೆ. ಇವೆಲ್ಲ ಸರಿಯಿದ್ದ ಮೇಲೆ ಮಾತ್ರ ಕೋರಿನ ಸರದಿ. ಅಗ್ಗದ, ಕೈಗೆ ಸಿಗುವ ಭಾಗದಿಂದ ದುಬಾರಿ, ಕೈಗೆ ಸಿಗದ ಭಾಗದ ಕಡೆಗೆ ಹೋಗುವ ಈ ಕ್ರಮವನ್ನು ನಂಬಿಗಸ್ತ ಮೇಸ್ತ್ರಿಗಳು ಮುರಿಯುವುದಿಲ್ಲ.

ಕೋರು ಹೊರಗೆ ಬಂದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ಬಿಟ್ಟರೆ ಗುಳ್ಳೆ ಏಳುವ ಜಾಗವೇ ತೂತು. ತಾಮ್ರ-ಹಿತ್ತಾಳೆಯ ಹಳೆಯ ಕೋರುಗಳ ದೊಡ್ಡ ಗುಣ ಎಂದರೆ ಅವನ್ನು ಬೆಸೆಯಬಹುದು. ರೇಡಿಯೇಟರಿನ ಕೆಲಸದವರು ಆ ಜಾಗವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ, ತವರ-ಸೀಸದ ಬೆಸುಗೆ ಹರಿಸುತ್ತಾರೆ. ಒಂದೆರಡು ತೂತಾದರೆ ಹೀಗೆ ಬದುಕಿಸಬಹುದು. ಕೊಳವೆಗಳೇ ಕಾಗದದಷ್ಟು ತೆಳುವಾಗಿದ್ದರೆ ಕೋರಿನ ತುದಿಯ ಹಳೆಯ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಕೊಳವೆಗಳ ಜಾಲವನ್ನು ಹೊಸದಾಗಿ ಕಟ್ಟಿಸಬೇಕು.

ಇಲ್ಲಿ ಅರಿಸಿನದ ಮಾತು ಹೇಳದೆ ಇರಲಾರೆ. ಸೋರುವ ರೇಡಿಯೇಟರಿಗೆ ಅರಿಸಿನದ ಪುಡಿ ಹಾಕುವುದು ನಮ್ಮ ದೇಶದ ಚಾಲಕರಲ್ಲಿ ಹಳೆಯ ರೂಢಿ. ಪುಡಿ ನೀರಿನಲ್ಲಿ ಉಬ್ಬಿ ತೂತಿನ ಬಾಯಿಗೆ ಕಟ್ಟಿಕೊಳ್ಳುತ್ತದೆ, ಹೆದ್ದಾರಿಯ ನಡುವೆ ಕೆಟ್ಟು ನಿಂತ ಲಾರಿಯನ್ನು ಮುಂದಿನ ಊರಿಗೆ ಮುಟ್ಟಿಸುತ್ತದೆ. ಆ ಚಾಲಕರ ಬುದ್ಧಿಯನ್ನು ನಾನು ಗೌರವಿಸುತ್ತೇನೆ. ಆದರೆ ತೂತಿಗೆ ಕಟ್ಟಿಕೊಳ್ಳುವ ಪುಡಿಗೆ ತೂತಿಗೂ ಕೊಳವೆಗೂ ಭೇದ ತಿಳಿಯದು. ಹೀಟರ್ ಕೋರಿನ ಕೊಳವೆಗಳು ರೇಡಿಯೇಟರಿನವಕ್ಕಿಂತ ಸಣ್ಣವು, ಮೊದಲು ಮುಚ್ಚಿಹೋಗುವುದು ಅವೇ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು. ದಾರಿಯಲ್ಲಿ ಆಪತ್ತಿಗೆ ಹಾಕಿದ್ದರೆ ಊರು ಮುಟ್ಟಿದ ಕೂಡಲೇ ಇಡೀ ವ್ಯವಸ್ಥೆಯನ್ನು ತೊಳೆಸಿ. ಅದನ್ನೇ ಚಿಕಿತ್ಸೆ ಎಂದು ನಂಬಿ ಕೂರಬೇಡಿ.

ರಿಪೇರಿ ಆದ ಮೇಲೆ ಏನು ತುಂಬಬೇಕು? ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದ್ದರಿಂದ ಕೂಲಂಟ್ ಯಾಕೆ, ನಲ್ಲಿನೀರು ಸಾಕು ಎನ್ನುವವರಿದ್ದಾರೆ. ಹಳೆಯ ಎಂಜಿನ್ನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಸೀಸ ಒಂದೇ ನೀರಿನಲ್ಲಿ ನೆನೆಯುತ್ತಿರುತ್ತವೆ. ಬೇರೆ ಬೇರೆ ಲೋಹಗಳು ಉಪ್ಪಿನಂಶದ ನೀರಿನಲ್ಲಿ ಕೂಡಿದರೆ ಬ್ಯಾಟರಿಯ ಕ್ರಿಯೆ ನಡೆದು ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ. ಅದನ್ನು ತಡೆಯುವ ರಾಸಾಯನಿಕ ಇರುವುದು ಕೂಲಂಟಿನಲ್ಲಿ. ಹಳೆಯ ತಾಮ್ರ-ಹಿತ್ತಾಳೆಯ ವ್ಯವಸ್ಥೆಗೆ ಒಪ್ಪುವ ಕೂಲಂಟನ್ನು ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನಲ್ಲಿ ಬೆರೆಸಿ ತುಂಬಿ, ಹಳೆಯ ಬಗೆಯದಾದರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ತಿಂಗಳಿಗೊಮ್ಮೆ ಎಂಜಿನ್ ಬಿಸಿಯಾದ ಮೇಲೆ ಹೀಟರಿನ ನಲ್ಲಿ ತೆರೆದು ಕೆಲವು ನಿಮಿಷ ನೀರು ಹರಿಯಲು ಬಿಡಿ. ಸೆಕೆಯಾದರೂ ಸಹಿಸಿ. ನಿಂತ ನೀರಿನ ಕೇಡಿಗೆ ಇದಕ್ಕಿಂತ ಸುಲಭದ ಮದ್ದಿಲ್ಲ.

ದಾರಿಯಲ್ಲಿ ಓಡಿಸುತ್ತಿರುವಾಗಲೇ ಗಾಜು ಏಕಾಏಕಿ ಮಬ್ಬಾಗಿ, ಕಾಲಿಗೆ ಬಿಸಿ ತಾಗಿದರೆ ಗಾಬರಿಯಾಗದೆ ಕಿಟಕಿ ಇಳಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಓಡುವ ಎಂಜಿನ್ನಿನ ನೀರು 80-90 ಡಿಗ್ರಿ ಇರುತ್ತದೆ, ಪಾದ ಸುಡುತ್ತದೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಲೇಬೇಡಿ. ಒತ್ತಡ ಇಳಿದ ಕ್ಷಣ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಮನೆ ಹತ್ತಿರವೇ ಇದೆ ಎಂದು ನೀರಿಲ್ಲದ ಎಂಜಿನ್ನನ್ನು ಓಡಿಸಿದರೆ ಹೆಡ್ಡು ಬಾಗುತ್ತದೆ. ಸಣ್ಣ ಕೋರಿನ ರಿಪೇರಿ ಆಗ ಇಡೀ ಎಂಜಿನ್ನಿನ ರಿಪೇರಿಯಾಗುತ್ತದೆ.

ಈಗ ವಿಷದ ಮಾತು. ಗ್ಲೈಕಾಲ್ ಸಿಹಿಯಾಗಿರುತ್ತದೆ, ಅದೇ ಅಪಾಯ. ಹೊಟ್ಟೆಗೆ ಹೋದರೆ ದೇಹ ಅದನ್ನು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಅದರ ಹರಳುಗಳು ಮೂತ್ರಪಿಂಡದಲ್ಲಿ ಕೂತು ಅದನ್ನು ಕೆಡಿಸುತ್ತವೆ. ಧಾರಾವಿಯಂಥ ಕಡೆ ಕೆಲಸ ನಡೆಯುವ ಗಲ್ಲಿಯೇ ಮಕ್ಕಳ ಆಟದ ಅಂಗಳ, ಅಲ್ಲೇ ನಾಯಿ, ಬೆಕ್ಕು, ಆಡುಗಳು ಓಡಾಡುತ್ತವೆ. ಬಸಿದ ಕೂಲಂಟನ್ನು ಗಟಾರಕ್ಕೆ ಚೆಲ್ಲುವುದು, ಅಗಲ ಬಾಯಿಯ ಡಬ್ಬದಲ್ಲಿ ತೆರೆದಿಡುವುದು ಬೇರೆಯವರ ಮನೆಯ ಮಗುವಿಗೆ ಅಪಾಯ ಒಡ್ಡಿದಂತೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು, ಎತ್ತರದಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಬಸಿದ ಕೂಲಂಟಿಗೆ ಬೇಕಾದ ಕ್ಯಾನಿನ ಖರ್ಚು ಕೊಡುವುದು ಮೆಕ್ಯಾನಿಕ್ಕಿನ ಜವಾಬ್ದಾರಿಯಲ್ಲ, ಕಾರಿನ ಯಜಮಾನರ ಜವಾಬ್ದಾರಿ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಒಳಗೆ ನೆನೆದ ಫೆಲ್ಟನ್ನು ಒಣಗಿಸಿ ಮತ್ತೆ ಹಾಸುವುದೂ ಬೇಡ, ಗ್ಲೈಕಾಲ್ ಕುಡಿದ ಫೆಲ್ಟು ಆರುವುದೇ ಇಲ್ಲ. ತೆಗೆದುಹಾಕಿ ಹೊಸದು ಹಾಸಿ.

ಧಾರಾವಿಯ ಪುನರಭಿವೃದ್ಧಿಯ ಮಾತು ಜೋರಾಗಿ ನಡೆದಿರುವ ಕಾಲ ಇದು. ಮನೆಗಳ ಲೆಕ್ಕ, ಜಾಗದ ಲೆಕ್ಕ ಆಗುತ್ತಿದೆ. ಅಂಗೈಯಿಂದ ತೇವದ ಜಾಡು ಹಿಡಿಯುವ, ತವರ ಹರಿಸಿ ಸತ್ತ ಕೋರನ್ನು ಬದುಕಿಸುವ ಕಸುಬಿಗೂ ಆ ಲೆಕ್ಕದಲ್ಲಿ ಜಾಗ ಬೇಕು. ಇದು ಬರಿಯ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹುಡುಗರು ಮೇಸ್ತ್ರಿಗಳ ಪಕ್ಕದಲ್ಲಿ ಕೂತು, ಕೈ ಎಣ್ಣೆ ಮಾಡಿಕೊಂಡು ಕಲಿಯುವ ವಿದ್ಯೆ. ಕೂತು ಕಲಿಯುವ ಗಲ್ಲಿ ಹೋದರೆ ಕಲಿಸುವವರು ಚೆದರಿಹೋಗುತ್ತಾರೆ. ಹಳೆಯ ಕಾರು ಇಟ್ಟುಕೊಂಡ ನಾವು ಅವರ ಮುಂದೆ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಪತ್ತೆಗೆ ಕೂಲಿ ಕೊಡುವುದು. ಭಾಗ ಬದಲಾಯಿಸಿದರೆ ಮಾತ್ರ ಹಣ, ನೋಡಿ ಹೇಳಿದ್ದಕ್ಕೆ ಏನೂ ಇಲ್ಲ ಎಂಬುದು ನಮ್ಮ ವಾಡಿಕೆ. ಹಾಗಿದ್ದಾಗ ಬೇಡದ ಭಾಗಗಳನ್ನು ಬದಲಾಯಿಸುವ ಒತ್ತಾಯವನ್ನು ನಾವೇ ಹುಟ್ಟಿಸುತ್ತೇವೆ. ಅರ್ಧ ದಿನ ಕೂತು, ಎರಡು ರೂಪಾಯಿಯ ರಬ್ಬರ್ ಉಂಗುರವೇ ಕಾರಣ ಎಂದು ಕಂಡುಹಿಡಿದ ಮೇಸ್ತ್ರಿಗೆ ಆ ಅರ್ಧ ದಿನದ ಪೂರಾ ಕೂಲಿ ಸಲ್ಲಬೇಕು. ನಿಮ್ಮ ಕಾರಿನ ಕಾರ್ಪೆಟ್ಟು ಒದ್ದೆಯಾಗಿದ್ದರೆ ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಆ ಎರಡು ಹೋಸುಗಳನ್ನು ನೋಡುವುದರಿಂದ ಶುರುಮಾಡಿ. ಆಮೇಲೆ ತಿಳಿದವರನ್ನು ಕರೆಯಿರಿ, ಅವರಿಗೆ ಸಮಯ ಕೊಡಿ, ಆ ಸಮಯದ ಬೆಲೆಯನ್ನೂ ಕೊಡಿ.